ಒಂದೇ ಕ್ಲಚ್ಚಿಗೆ ಎರಡು ಕಾಯಿಲೆ: ಸ್ಲಿಪ್ಪೂ ಆಗ್ತಿದೆ, ಬಿಡಿಸ್ಕೊಳ್ತಾನೂ ಇಲ್ಲ (ಹಳೇ 250 ಟೂ ಸ್ಟ್ರೋಕ್)

ಕೆಸರುಗಾಲಿ

ಎಲ್ರಿಗೂ ನಮಸ್ಕಾರ. ಒಂದು ತಿಂಗಳಿಂದ ತಲೆ ಕೆಟ್ಟು ಹೋಗಿದೆ, ಅದಕ್ಕೇ ಇಲ್ಲಿ ಕೇಳ್ತಿದೀನಿ. ನನ್ ಹತ್ರ ಇರೋದು ಹಳೇ 250 ಸಿಸಿ ಟೂ ಸ್ಟ್ರೋಕ್ ಡರ್ಟ್ ಬೈಕು, ಕೇಬಲ್ ಕ್ಲಚ್ಚು, ನನ್ ಕೈಗೆ ಬರೋ ಹೊತ್ತಿಗೆ ಎಷ್ಟು ಕೈ ದಾಟಿತ್ತೋ ಗೊತ್ತಿಲ್ಲ. ಎಂಜಿನ್ ಮಾತ್ರ ಗಟ್ಟಿಯಾಗಿದೆ, ಒಂದೇ ಕಿಕ್ಕಿಗೆ ಸ್ಟಾರ್ಟು.

ತೊಂದ್ರೆ ಏನಂದ್ರೆ ಅರ್ಧ ಗಂಟೆ ಓಡಿಸಿದ್ಮೇಲೆ ನ್ಯೂಟ್ರಲ್ ಬೀಳೋದೇ ಇಲ್ಲ. ಕ್ಲಚ್ ಪೂರ್ತಿ ಹಿಡಿದಿದ್ರೂ ಫಸ್ಟ್ ಗೇರಲ್ಲಿ ಗಾಡಿ ಮುಂದಕ್ಕೆ ಜಗ್ತಾ ಇರುತ್ತೆ, ಬ್ರೇಕ್ ಒತ್ತಿದ್ರೆ ಆಫ್ ಆಗುತ್ತೆ. ಅದು ಸಾಲದು ಅಂತ ಈಗ ಉಲ್ಟಾ ಕಾಯಿಲೆನೂ ಶುರುವಾಗಿದೆ, ಏರಲ್ಲಿ ನಾಲ್ಕನೇ ಗೇರಲ್ಲಿ ರೇಸ್ ಕೊಟ್ರೆ ಎಂಜಿನ್ ಕೂಗುತ್ತೆ, ಗಾಡಿ ಮಾತ್ರ ಇದ್ದ ಸ್ಪೀಡಲ್ಲೇ ಇರುತ್ತೆ. ಸುಟ್ಟ ವಾಸನೆ ಬೇರೆ.

ಮಾಡಿರೋದು: ಎರಡು ತಿಂಗಳ ಹಿಂದೆ ಫೈಬರ್ ಪ್ಲೇಟ್ (ಕ್ಲಚ್ ಒಳಗೆ ಉಜ್ಜಿ ಹಿಡಿಯೋವು) ಸೆಟ್ ಹೊಸದು ಹಾಕ್ದೆ, ಅವುಗಳ ನಡುನಡುವೆ ಕೂರೋ ಸ್ಟೀಲ್ ಪ್ಲೇಟ್ ಹಳೇವೇ, ನೋಡೋಕೆ ಚೆನ್ನಾಗಿದ್ವು. ಸ್ಪ್ರಿಂಗ್ ಹಳೇವು. ಗೇರ್ ಬಾಕ್ಸಿಗೆ ಮನೇಲಿ ಉಳಿದಿದ್ದ ಕಾರಿನ ಎಂಜಿನ್ ಆಯಿಲ್ ಹಾಕಿದೀನಿ, ಹೊಸ ಡಬ್ಬಾನೇ. ನ್ಯೂಟ್ರಲ್ ಬೀಳದೇ ಇದ್ದಾಗೆಲ್ಲ ಲಿವರ್ ಹತ್ರ ಇರೋ ಅಡ್ಜಸ್ಟರ್ ತಿರುಗ್ಸಿ ಕೇಬಲ್ ಬಿಗಿ ಮಾಡ್ತೀನಿ, ಆಗ ಸ್ವಲ್ಪ ಹೊತ್ತು ಸರಿ ಇರುತ್ತೆ.

ಒಂದೇ ಕ್ಲಚ್ಚು ಹಿಡೀತಾನೂ ಇಲ್ಲ ಬಿಡ್ತಾನೂ ಇಲ್ಲ ಅಂದ್ರೆ ಹೆಂಗೆ? ಪೂರ್ತಿ ಕ್ಲಚ್ ಅಸೆಂಬ್ಲಿ ಬದಲಾಯಿಸ್ಬೇಕಾ?

ಫುಲ್‌ಥ್ರಾಟಲ್

ಪ್ಲೇಟ್ ಹೋಗಿದೆ ಬ್ರೋ, ಒಳ್ಳೇ ಪ್ಲೇಟ್ ಹಾಕು ಮುಗೀತು. ಇಲ್ಲಾ ಕೇಬಲ್ ತೆಗ್ದು ಹೈಡ್ರಾಲಿಕ್ ಕನ್ವರ್ಷನ್ ಮಾಡ್ಸು, ಅಡ್ಜಸ್ಟ್ ಮಾಡೋ ರಗಳೆನೇ ಇರಲ್ಲ.

ಎಣ್ಣೆಕೈ

ಅವ್ರು ಎರಡು ತಿಂಗಳ ಹಿಂದೆ ಪ್ಲೇಟ್ ಹಾಕಿದೀನಿ ಅಂತಾನೇ ಬರ್ದಿದಾರಲ್ಲ ಗುರು, ಓದಿ ಉತ್ತರ ಕೊಡಪ್ಪ.

ನನ್ ಕಣ್ಣಿಗೆ ಮೊದ್ಲು ಬಿದ್ದಿದ್ದು ಆಯಿಲ್ಲು. ಕಾರಲ್ಲಿ ಕ್ಲಚ್ ಆಯಿಲಲ್ಲಿ ಮುಳುಗಿರಲ್ಲ, ಅದಕ್ಕೇ ಕಾರಿನ ಆಯಿಲ್‌ಗೆ ಘರ್ಷಣೆ ಕಡಿಮೆ ಮಾಡೋ ಕೆಮಿಕಲ್ ಸೇರಿಸಿರ್ತಾರೆ, ಮೈಲೇಜ್ ಸಿಗ್ಲಿ ಅಂತ. ನಮ್ ಬೈಕಲ್ಲಿ ಕ್ಲಚ್ ಅದೇ ಆಯಿಲಲ್ಲಿ ಈಜಾಡ್ತಿರುತ್ತೆ, ಅದಕ್ಕೆ ಬೇಕಾಗಿರೋದೇ ಘರ್ಷಣೆ. ಡಬ್ಬದ ಮೇಲೆ ಜಾಸೋ ಎಂಎ ಅಥವಾ ಎಂಎ2 ಅಂತ ಇದ್ಯಾ ನೋಡಿ. ಜಪಾನಿನವ್ರು ಮಾಡಿದ ಸ್ಟ್ಯಾಂಡರ್ಡ್ ಅದು, 1998ರಲ್ಲಿ ಬಂದಿದ್ದು, ಒದ್ದೆ ಕ್ಲಚ್ಚಿಗೆ ಆಗೋ ಆಯಿಲ್ ಯಾವುದು ಅಂತ ಗುರುತಿಸೋಕೇ ಇರೋದು. ಎಂಬಿ ಅಂತ ಇದ್ರೆ ಅದು ಸ್ಕೂಟರ್ ತರದವಕ್ಕೆ, ಬೇಡ. ನಿಮ್ದು ಟೂ ಸ್ಟ್ರೋಕ್ ಅಂದ್ರೆ ಗೇರ್ ಬಾಕ್ಸ್ ಆಯಿಲ್ ಎಂಜಿನ್‌ದಕ್ಕಿಂತ ಬೇರೇನೇ, ಬದಲಾಯಿಸೋದು ಸುಲಭ. ಹಳೇದನ್ನ ಇಳಿಸಿ, ಎಂಎ ಆಯಿಲ್ ಹಾಕಿ ಸ್ವಲ್ಪ ದೂರ ಓಡಿಸಿ ಮತ್ತೆ ಇಳಿಸಿ ಇನ್ನೊಂದ್ಸಲ ಹಾಕಿ, ಒಳಗೆ ಅಂಟಿರೋದು ಒಂದೇ ಸಲಕ್ಕೆ ಹೋಗಲ್ಲ.

ಇಳಿಸುವಾಗ ಬಣ್ಣ ನೋಡಿ. ಹಾಲು ಬೆರೆಸಿದ ಹಾಗಿದ್ರೆ ನೀರು ಸೇರಿದೆ ಅಂತ, ವಾಟರ್ ಪಂಪ್ ಸೀಲ್ ಕಥೆ ಬೇರೇನೇ ಇದೆ.

ಹಳೇಪಾನಾ

ಆಯಿಲ್ ವಿಷ್ಯ ಸರಿ, ಬದಲಾಯಿಸ್ಲೇಬೇಕು. ಆದ್ರೆ ಆಯಿಲ್ ಸ್ಲಿಪ್ಪಿಗೆ ಕಾರಣ ಆಗ್ಬಹುದೇ ಹೊರತು ನ್ಯೂಟ್ರಲ್ ಬೀಳದೇ ಇರೋದಕ್ಕೆ ಅದನ್ನ ಬೈಯೋ ಹಾಗಿಲ್ಲ.

ಕೆಸರುಗಾಲಿ, ನಿಮ್ಮನ್ನ ಒಂದೇ ಪ್ರಶ್ನೆ ಕೇಳ್ತೀನಿ. ಸ್ಲಿಪ್ ಆಗೋದು ಯಾವಾಗ? ಹೊರಟ ಹೊಸದ್ರಲ್ಲಾ, ಇಲ್ಲಾ ಬಿಸಿಯಾದ್ಮೇಲಾ? ನೆನಪು ಮಾಡ್ಕೊಂಡು ಹೇಳಿ, ಅಂದಾಜಲ್ಲಿ ಬೇಡ. ಆಮೇಲೆ ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಲಿವರ್ ತುದೀನ ಬೆರಳಲ್ಲಿ ಮೆಲ್ಲಗೆ ಎಳೀರಿ, ಬಿಗಿ ಸಿಗೋಕೆ ಮುಂಚೆ ಎಷ್ಟು ಸಡಿಲ ಇದೆ ಅಂತ ಅಳೆದು ಹೇಳಿ.

ಕೆಸರುಗಾಲಿ

ಸಾರ್ ಇವತ್ತು ಬೆಳಿಗ್ಗೆ ನೋಡ್ದೆ. ಸಡಿಲ ಅನ್ನೋದೇ ಇಲ್ಲ, ಲಿವರ್ ಮುಟ್ಟಿದ ಕೂಡ್ಲೇ ಬಿಗಿ. ಸ್ಲಿಪ್ ಬಗ್ಗೆ ಯೋಚ್ನೆ ಮಾಡ್ದೆ, ಹೌದು, ಹೊರಟ ಮೊದಲ ಹತ್ತು ನಿಮಿಷದಲ್ಲೇ ಆಗೋದು, ಮೊದಲನೇ ಏರಲ್ಲೇ. ಆಮೇಲೆ ಕಮ್ಮಿ ಆಗುತ್ತೆ, ಅದಾದ್ಮೇಲೆ ನ್ಯೂಟ್ರಲ್ ಗಲಾಟೆ ಶುರು. ಇದನ್ನ ನಾನು ಗಮನಿಸೇ ಇರ್ಲಿಲ್ಲ.

ಹಳೇಪಾನಾ

ಸಿಕ್ತು ನೋಡಿ. ಎರಡು ಕಾಯಿಲೆ ಅಲ್ಲ ಅದು, ಒಂದು ಕಾಯಿಲೆ ಮತ್ತೆ ಅದಕ್ಕೆ ನೀವು ಕೊಟ್ಟ ಔಷಧಿ.

ಕ್ಲಚ್ ಬಿಸಿಯಾದಾಗ ಪ್ಲೇಟ್‌ಗಳ ಕಟ್ಟು ಒಟ್ಟಾರೆ ಚೂರು ಹಿಗ್ಗುತ್ತೆ, ಅದನ್ನ ಸ್ಪ್ರಿಂಗ್ ಬಲದಲ್ಲಿ ಅದುಮಿ ಹಿಡಿಯೋ ಪ್ರೆಶರ್ ಪ್ಲೇಟ್ ಹೊರಗಡೆಗೆ ಸರಿಯುತ್ತೆ, ಪುಶ್ ರಾಡಿಗೂ (ಲಿವರ್ ಎಳೆದಾಗ ಪ್ರೆಶರ್ ಪ್ಲೇಟ್ ತಳ್ಳೋ ಕಡ್ಡಿ) ಅದಕ್ಕೂ ಮಧ್ಯೆ ಜಾಗ ಜಾಸ್ತಿ ಆಗುತ್ತೆ. ಕೈಗೆ ಅದು ಲಿವರ್ ಸಡಿಲ ಆದ ಹಾಗೆ ಗೊತ್ತಾಗುತ್ತೆ. ಸಡಿಲ ಆಯ್ತು ಅಂದ್ರೆ ಲಿವರ್ ಪೂರ್ತಿ ಎಳೆದ್ರೂ ಪ್ಲೇಟ್ ಬಿಡಿಸ್ಕೊಳ್ಳೋ ಅಷ್ಟು ರಾಡ್ ತಳ್ಳಲ್ಲ. ಆಗ ನೀವು ಕೇಬಲ್ ಬಿಗಿ ಮಾಡ್ತೀರಿ, ಆ ಹೊತ್ತಿಗೆ ಸರಿ ಹೋಗುತ್ತೆ. ಮನೆಗೆ ಬಂದು ಗಾಡಿ ತಣ್ಣಗಾಗುತ್ತೆ, ಪ್ಲೇಟ್ ಕುಗ್ಗುತ್ತೆ, ಪ್ರೆಶರ್ ಪ್ಲೇಟ್ ಒಳಗೆ ಬರುತ್ತೆ, ಆದ್ರೆ ನೀವು ಬಿಗಿ ಮಾಡಿದ್ದು ಹಾಗೇ ಇರುತ್ತೆ. ಈಗ ಲಿವರ್ ಮುಟ್ಟದೇ ಇದ್ರೂ ರಾಡ್ ಪ್ರೆಶರ್ ಪ್ಲೇಟನ್ನ ಒಂಚೂರು ತಳ್ತಾನೇ ಇರುತ್ತೆ, ಅಂದ್ರೆ ನೀವು ದಿನಾ ಬೆಳಿಗ್ಗೆ ಅರ್ಧಂಬರ್ಧ ಕ್ಲಚ್ ಹಿಡ್ಕೊಂಡೇ ಏರು ಹತ್ತಿಸ್ತಿದೀರಿ. ಸ್ಲಿಪ್ ಆಗುತ್ತೆ, ಸ್ಲಿಪ್ ಆದ್ರೆ ಬಿಸಿ ಬೇಗ ಏರುತ್ತೆ, ಮತ್ತೆ ಜಗ್ಗುತ್ತೆ, ಮತ್ತೆ ಬಿಗಿ ಮಾಡ್ತೀರಿ. ಹೀಗೇ ಸುತ್ತು ಹೊಡೀತಾ ಇದೆ.

ಇನ್ನೊಂದು, ಪ್ಲೇಟ್ ಸವೆದ ಹಾಗೂ ಲಿವರ್ ಸಡಿಲ ಕಡಿಮೆ ಆಗ್ತಾ ಬರುತ್ತೆ, ಜಾಸ್ತಿ ಆಗಲ್ಲ. ಬ್ರೇಕ್ ತರ ಅಂತ ತುಂಬಾ ಜನ ಉಲ್ಟಾ ತಿಳ್ಕೊಂಡಿರ್ತಾರೆ.

ಹಾಗಾಗಿ ಮೂಲ ಕಾಯಿಲೆ ಬಿಡಿಸ್ಕೊಳ್ದೇ ಇರೋದು. ಅದಕ್ಕೆ ಒಳಗೆ ಮೂರು ಕಡೆ ನೋಡ್ಬೇಕು. ಆದ್ರೆ ಬಿಚ್ಚೋ ಮುಂಚೆ ಹೊರಗಿಂದು ಮುಗಿಸಿ. ಕೇಬಲ್ ಎರಡೂ ತುದಿ ಬಿಚ್ಚಿ ಒಳಗಿನ ತಂತಿ ಆಡಿಸಿ, ಒರಟಾಗಿ ಸಿಕ್ಕಿ ಸಿಕ್ಕಿ ಬಂದ್ರೆ ಅಥವಾ ತುದೀಲಿ ಎಳೆ ಬಿಟ್ಟಿದ್ರೆ ಕೇಬಲ್ಲೇ ಹೊಸದು ಹಾಕಿ. ಹ್ಯಾಂಡಲ್ ಎರಡೂ ಕಡೆ ತಿರುಗಿಸಿದಾಗ ಲಿವರ್ ಬಿಗಿ ಬದಲಾದ್ರೆ ಕೇಬಲ್ ಹೋಗಿರೋ ದಾರಿ ಸರಿ ಇಲ್ಲ. ಲಿವರ್ ಕೂರೋ ಬೋಲ್ಟಿನ ತೂತು ಸವೆದು ಮೊಟ್ಟೆ ಆಕಾರ ಆಗಿದ್ಯಾ ನೋಡಿ, ಅಲ್ಲಿ ಒಂದೆರಡು ಎಂಎಂ ಹೋದ್ರೆ ರಾಡ್ ತುದೀಲಿ ಏನೂ ಉಳಿಯಲ್ಲ.

ಇವೆಲ್ಲ ಸರಿ ಇದ್ರೆ ಕವರ್ ಬಿಚ್ಚಿ. ಕ್ಲಚ್ ಇರೋದು ಬಲಗಡೆ, ಗಾಡೀನ ಎಡಕ್ಕೆ ಮಲಗಿಸಿದ್ರೆ ಆಯಿಲ್ ಇಳಿಸೋದೇ ಬೇಡ, ಪೆಟ್ರೋಲ್ ಟ್ಯಾಪ್ ಮುಚ್ಚಿ ಅಷ್ಟೇ. ನೀವಂತೂ ಆಯಿಲ್ ಬದಲಾಯಿಸ್ಲೇಬೇಕಲ್ಲ, ಇಳಿಸ್ಬಿಡಿ.

ಸ್ಪ್ರಿಂಗ್ ಬೋಲ್ಟುಗಳನ್ನ ಎದುರುಬದುರು ಸ್ವಲ್ಪ ಸ್ವಲ್ಪ ಸಡಿಲ ಮಾಡ್ತಾ ಬನ್ನಿ. ಪ್ಲೇಟ್ ತೆಗೀವಾಗ ಬಂದ ಕ್ರಮದಲ್ಲೇ ಜೋಡಿಸಿಡಿ, ಫೋಟೋ ತೆಗ್ದಿಡಿ. ಮೊದಲನೇದು ಸ್ಟೀಲ್ ಪ್ಲೇಟು. ಅದನ್ನ ದಪ್ಪ ಗಾಜಿನ ಮೇಲಿಟ್ಟು ಸುತ್ತ ಫೀಲರ್ ಗೇಜ್ (ಸಂದಿ ಅಳೆಯೋ ತೆಳು ಪಟ್ಟಿ) ತೂರ್ಸಿ ನೋಡಿ. ಎಷ್ಟು ಬಾಗಿದ್ರೆ ಬಿಸಾಕ್ಬೇಕು ಅನ್ನೋದು ನಿಮ್ ಗಾಡಿ ಮ್ಯಾನ್ಯುಯಲ್ಲಲ್ಲಿರುತ್ತೆ, ಸಾಮಾನ್ಯವಾಗಿ 0.1ರಿಂದ 0.2 ಎಂಎಂ ಒಳಗೆ. ಕಣ್ಣಲ್ಲಿ ನೋಡಿ 'ಚೆನ್ನಾಗಿದೆ' ಅಂದಿದ್ರಲ್ಲ, 0.2 ಎಂಎಂ ಬಾಗು ಕಣ್ಣಿಗೆ ಕಾಣಲ್ಲ ಸ್ವಾಮಿ. ನೀಲಿ ಬಣ್ಣಕ್ಕೆ ತಿರುಗಿದ್ರೆ ಅಳೆಯೋದೂ ಬೇಡ, ತೆಗ್ದಾಕಿ.

ಎರಡನೇದು ಬಾಸ್ಕೆಟ್ಟು, ಅಂದ್ರೆ ಪ್ಲೇಟ್‌ಗಳು ಕೂರೋ ಬುಟ್ಟಿ. ನಂಗೆ ಅದರ ಮೇಲೇ ಅನುಮಾನ ಜಾಸ್ತಿ. ಅದು ಅಲ್ಯೂಮಿನಿಯಂ, ಫೈಬರ್ ಪ್ಲೇಟಿನ ಕಿವಿ ಬಡಿದು ಬಡಿದು ಬಾಸ್ಕೆಟ್ ಬೆರಳುಗಳ ಮೇಲೆ ಕಚ್ಚು ಬಿದ್ದಿರುತ್ತೆ. ಲಿವರ್ ಎಳೆದಾಗ ಪ್ಲೇಟ್ ಜಾರಿ ದೂರ ಹೋಗ್ಬೇಕು, ಕಚ್ಚಲ್ಲಿ ಸಿಕ್ಕಾಕ್ಕೊಂಡು ಅಲ್ಲೇ ನಿಂತ್ಬಿಡುತ್ತೆ. ಬೆರಳು ಉದ್ದಕ್ಕೂ ಉಗುರು ಎಳೆದು ನೋಡಿ, ಟಕ್ ಟಕ್ ಅಂತ ನಿಂತ್ರೆ ಅದೇ. ಬಾಸ್ಕೆಟ್ ನಡುವೆ ಕೂರೋ ಹಬ್ಬಿನ ಹಲ್ಲುಗಳ ಮೇಲೂ ಹಾಗೇ ನೋಡಿ, ಅಲ್ಲಿ ಸ್ಟೀಲ್ ಪ್ಲೇಟ್ ಗುರುತು ಮಾಡಿರುತ್ತೆ.

ಮೂರನೇದು ಪುಶ್ ರಾಡು. ಸಡಿಲ ಇಲ್ದೇ ಓಡಿಸಿದೀರಿ, ಹಾಗಾಗಿ ರಾಡ್ ತುದಿ ಸದಾ ಉಜ್ಜಿ ಕಾದು ಅಣಬೆ ತರ ಅಗಲ ಆಗಿರ್ಬಹುದು. ಕೆಲವು ಎಂಜಿನ್ನಲ್ಲಿ ರಾಡ್ ಹಿಂದೆ ಒಂದು ಸಣ್ಣ ಸ್ಟೀಲ್ ಗುಂಡು ಇರುತ್ತೆ, ರಾಡ್ ಜೊತೆ ಜಾರಿ ಬಂದು ಎಲ್ಲೋ ಉರುಳ್ಕೊಂಡು ಹೋಗುತ್ತೆ. ಅದನ್ನ ಹುಡುಕ್ತಾ ನಾನು ಒಂದಿಡೀ ಸಂಜೆ ನೆಲದ ಮೇಲೆ ಮಂಡಿಯೂರಿದೀನಿ.

ಎಣ್ಣೆಕೈ

ಅಬ್ಬಾ, ಒಪ್ಕೊಂಡೆ. ಯಾವಾಗ ಸ್ಲಿಪ್ ಆಗುತ್ತೆ ಅಂತ ಕೇಳ್ಬೇಕು ಅಂತ ನಂಗೆ ಹೊಳೀಲೇ ಇಲ್ಲ.

ಬಾಸ್ಕೆಟ್ ಅರದಲ್ಲಿ ಉಜ್ಜಿ ಸರಿ ಮಾಡ್ಬಹುದಲ್ವಾ? ನಾನು ಹಾಗೆ ಎರಡು ಗಾಡಿ ಓಡಿಸಿದೀನಿ.

ಹಳೇಪಾನಾ

ಮಾಡ್ಬಹುದು, ಕಚ್ಚು ಮೇಲುಮೇಲೆ ಇದ್ರೆ. ಅರ ನೇರಕ್ಕೆ ಹಿಡಿದು ಎಲ್ಲಾ ಬೆರಳಿಗೂ ಒಂದೇ ಸಮ ಉಜ್ಬೇಕು, ಒಂದು ಬೆರಳು ಜಾಸ್ತಿ ತಿಂದ್ರೆ ಲೋಡೆಲ್ಲ ಉಳಿದವುಗಳ ಮೇಲೆ ಬೀಳುತ್ತೆ. ಅರ್ಧ ಎಂಎಂಗಿಂತ ಆಳ ಇದ್ರೆ ಉಜ್ಜಿ ಪ್ರಯೋಜನ ಇಲ್ಲ, ಪ್ಲೇಟಿನ ಕಿವಿಗೂ ಬೆರಳಿಗೂ ಸಂದಿ ಜಾಸ್ತಿ ಆಗಿ ಇನ್ನೂ ಜೋರಾಗಿ ಬಡಿಯುತ್ತೆ, ಕಚ್ಚು ಬೇಗ ವಾಪಸ್ ಬರುತ್ತೆ. ಗಾಡಿ ಮೇಲೇ ಇಟ್ಟು ಉಜ್ಬೇಡಿ, ಅಲ್ಯೂಮಿನಿಯಂ ಪುಡಿ ಗೇರ್ ಬಾಕ್ಸ್ ಒಳಗೆ ಹೋಗುತ್ತೆ. ಬಾಸ್ಕೆಟ್ ಹೊರಗೆ ತೆಗೀರಿ.

ಕೆಸರುಗಾಲಿ

ಬಾಸ್ಕೆಟ್ ತೆಗೆಯೋಕೆ ಹೋದ್ರೆ ಹಬ್ ನಟ್ ಬರ್ತಾನೇ ಇಲ್ಲ ಸಾರ್, ಹಬ್ಬೂ ಜೊತೇಲೇ ತಿರುಗುತ್ತೆ.

ಫುಲ್‌ಥ್ರಾಟಲ್

ಟಾಪ್ ಗೇರ್ ಹಾಕಿ ಹಿಂದಿನ ಬ್ರೇಕ್ ಒಬ್ರು ಒತ್ತಿ ಹಿಡಿದ್ರೆ ಹಬ್ ನಿಲ್ಲುತ್ತೆ ಬ್ರೋ. ಈ ಸಲ ಓದೇ ಹೇಳ್ತಿದೀನಿ 😄

ಹಳೇಪಾನಾ

ನಡೆಯುತ್ತೆ, ಆದ್ರೆ ಬಲ ಪೂರ್ತಿ ಗೇರ್ ಹಲ್ಲು, ಚೈನಿನ ಮೇಲೆ ಹೋಗುತ್ತೆ, ಹಬ್ ಹಿಡಿಯೋ ಟೂಲ್ ಸಿಕ್ರೆ ಅದೇ ಒಳ್ಳೇದು. ಅದಕ್ಕೂ ಮುಂಚೆ ನಟ್ಟಿನ ಹಿಂದೆ ಲಾಕ್ ವಾಷರ್ ಮಡಚಿದ್ಯಾ ನೋಡಿ, ಅದನ್ನ ಚಪ್ಪಟೆ ಮಾಡ್ದೇ ಗುದ್ದಾಡ್ತಿದ್ರೆ ಬರೋದೇ ಇಲ್ಲ. ವಾಪಸ್ ಹಾಕುವಾಗ ವಾಷರ್ ಹೊಸದು.

ಕೆಸರುಗಾಲಿ

ಲಾಕ್ ವಾಷರ್ ಮಡಚಿತ್ತು. ಮಾತಾಡಲ್ಲ ನಾನು.

ಸರಿ, ಎರಡು ವಾರ ಆಯ್ತು, ಏನೇನು ಸಿಕ್ತು ಹೇಳ್ತೀನಿ. ಸ್ಟೀಲ್ ಪ್ಲೇಟಲ್ಲಿ ಮೂರು ನೀಲಿ, ಗಾಜಿನ ಮೇಲಿಟ್ರೆ ಒಂದಂತೂ ಕುರ್ಚಿ ಕಾಲು ಅಲ್ಲಾಡಿದ ಹಾಗೆ ಅಲ್ಲಾಡ್ತಿತ್ತು. ಎರಡು ತಿಂಗಳ ಫೈಬರ್ ಪ್ಲೇಟ್ ದಪ್ಪ ವರ್ನಿಯರಲ್ಲಿ ಇನ್ನೂ ಲಿಮಿಟ್ ಒಳಗೇ ಇದೆ, ಆದ್ರೆ ಮೇಲ್ಮೈ ಕನ್ನಡಿ ತರ ಮಿರಿಮಿರಿ ಅಂತಿತ್ತು, ಸುಟ್ಟ ವಾಸನೆ ಕೈಗೂ ಹತ್ತಿದೆ. ಸ್ಪ್ರಿಂಗ್ ಉದ್ದ ಎಲ್ಲವೂ ಮ್ಯಾನ್ಯುಯಲ್ ಲಿಮಿಟ್ಟಿಗಿಂತ ಕಮ್ಮಿ. ಪುಶ್ ರಾಡ್ ತುದಿ ಸ್ವಲ್ಪ ಬಣ್ಣ ತಿರುಗಿದೆ, ಅಗಲ ಆಗಿಲ್ಲ, ಅದನ್ನೂ ಬದಲಾಯಿಸ್ದೆ.

ಬಾಸ್ಕೆಟ್ ಮಾತ್ರ ಹಳೇಪಾನಾ ಸಾರ್ ಹೇಳಿದ ಹಾಗೇ. ಉಗುರೇನು, ಕೈಬೆರಳ ತುದೀನೇ ಕೂರುತ್ತೆ, ಏಣಿ ಮೆಟ್ಟಿಲು ಇದ್ದ ಹಾಗಿದೆ. ಯಾರೋ ಮುಂಚೆ ಒಂದ್ಸಲ ಅರ ಹಾಕಿರೋ ಗುರುತೂ ಇದೆ. ಹಾಗಾಗಿ ಉಜ್ಜೋಕೆ ಹೋಗ್ಲಿಲ್ಲ, ಬಾಸ್ಕೆಟ್ ಹೊಸದು ತರಿಸ್ದೆ. ಹಬ್ ಚೆನ್ನಾಗಿತ್ತು, ಹಳೇದೇ. ಫೈಬರ್, ಸ್ಟೀಲ್, ಸ್ಪ್ರಿಂಗ್ ಮೂರೂ ಹೊಸದು, ಫೈಬರ್ ಪ್ಲೇಟನ್ನ ರಾತ್ರಿಯಿಡೀ ಎಂಎ ಆಯಿಲಲ್ಲಿ ನೆನೆಸಿಟ್ಟಿದ್ದೆ.

ಫಿಟ್ ಮಾಡುವಾಗ ಒಂದು ಎಡವಟ್ಟು ಆಗೋದು ತಪ್ತು. ಸ್ಪ್ರಿಂಗ್ ಬೋಲ್ಟ್ ಇನ್ನೊಂಚೂರು ಬಿಗೀಲಿ ಅಂತ ಹೋದೋನು ಮ್ಯಾನ್ಯುಯಲ್ ನೋಡಿ ನಿಂತೆ, ಬರೀ 10 ನ್ಯೂಟನ್ ಮೀಟರ್ ಅಂತೆ. ಬೋಲ್ಟ್ ಹೋಗೋದು ಅಲ್ಯೂಮಿನಿಯಂ ಹಬ್ಬಿಗೆ, ಮರೆ (ಥ್ರೆಡ್) ಕಿತ್ಕೊಂಡಿದ್ರೆ ಅದೂ ಹೊಸದು ತರ್ಬೇಕಿತ್ತು.

ಈಗ ತಣ್ಣಗಿದ್ದಾಗ ಲಿವರ್ ಬುಡದಲ್ಲಿ 2ರಿಂದ 3 ಎಂಎಂ ಸಡಿಲ ಇಟ್ಟಿದೀನಿ. ಒಂದು ಗಂಟೆ ಕಲ್ಲು ಕೆಸ್ರು ಅಂತ ನೋಡ್ದೆ ಓಡಿಸ್ದೆ, ಬಿಸಿಯಾದ್ಮೇಲೆ ಸಡಿಲ ಸ್ವಲ್ಪ ಜಾಸ್ತಿ ಆಯ್ತು ನಿಜ, ಆದ್ರೂ ನ್ಯೂಟ್ರಲ್ ಒಂದೇ ಬೆರಳಲ್ಲಿ ಬಿತ್ತು. ಏರಲ್ಲಿ ನಾಲ್ಕನೇ ಗೇರಲ್ಲಿ ರೇಸ್ ಕೊಟ್ರೆ ಮುಂದಿನ ಚಕ್ರ ಏಳುತ್ತೆ, ಅದು ನಂಗೆ ಅಭ್ಯಾಸ ತಪ್ಪಿ ಹೋಗಿತ್ತು, ಸ್ವಲ್ಪದರಲ್ಲೇ ಪೊದೆಗೆ ಬೀಳ್ತಿದ್ದೆ.

ಒಂದು ಡೌಟು. ಬಿಸಿಯಾದಾಗ ಅಡ್ಜಸ್ಟರ್ ಮುಟ್ಲೇಬಾರ್ದಾ?

ಹಳೇಪಾನಾ

ಮುಟ್ಟಿ, ಯಾರು ಬೇಡ ಅಂದ್ರು. ರೇಸಲ್ಲಿ ಎಲ್ರೂ ಓಡ್ತಾ ಓಡ್ತಾನೇ ತಿರುಗಿಸ್ತಾರೆ. ಆದ್ರೆ ಎಷ್ಟು ತಿರುಗಿಸಿದ್ರೋ ಅಷ್ಟು ವಾಪಸ್ ಬಿಡಿ. ಅಡ್ಜಸ್ಟರ್ ಮೇಲೆ ಬಿಳಿ ಪೇಂಟಲ್ಲಿ ಒಂದು ಚುಕ್ಕೆ ಇಡಿ, ತಣ್ಣಗಿನ ಜಾಗ ಅದು ಅಂತ.

ಹಳೇ ಪ್ಲೇಟ್ ಎಸೀಬೇಡಿ. ಬಾಗದೇ ಇರೋ ಒಂದು ಸ್ಟೀಲ್ ಪ್ಲೇಟಿಗೆ ಉದ್ದದ ಕಬ್ಬಿಣದ ಪಟ್ಟಿ ವೆಲ್ಡ್ ಮಾಡ್ಸಿದ್ರೆ ನಿಮ್ ಹಬ್ ಹಿಡಿಯೋ ಟೂಲ್ ಆಯ್ತು.

ಫುಲ್‌ಥ್ರಾಟಲ್

ಹೈಡ್ರಾಲಿಕ್ ಹಾಕಿದ್ರೆ ಚುಕ್ಕೆನೂ ಬೇಡ ಬ್ರೋ.

ಎಣ್ಣೆಕೈ

ಏಣಿ ತರ ಆಗಿರೋ ಬಾಸ್ಕೆಟ್ಟಿಗೆ ಹೈಡ್ರಾಲಿಕ್ ಹಾಕಿದ್ರೂ ಪ್ಲೇಟ್ ಅಲ್ಲೇ ಸಿಕ್ಕಾಕ್ಕೊಳುತ್ತೆ ಮಾರಾಯ, ಕೈಗೆ ಮಾತ್ರ ಮೆತ್ತಗೆ ಅನ್ಸುತ್ತೆ ಅಷ್ಟೇ. ಕೆಸರುಗಾಲಿ, ಎರಡನೇ ಸಲ ಆಯಿಲ್ ಇಳಿಸೋದು ಮರೀಬೇಡಿ, ಕಾರಿನ ಆಯಿಲ್ ಇನ್ನೂ ಮೂಲೇಲಿ ಕೂತಿರುತ್ತೆ.