ಜಪಾನಿನ ಕೃಷಿ ಅಂದ್ರೆ ನಿಜಕ್ಕೂ ಯಾವುದು?

ಕುತೂಹಲಿ:
ಜಪಾನಿನ ಬೇಸಾಯದ ಬಗ್ಗೆ ಓದಲು ಶುರು ಮಾಡಿ ತಲೆ ಕೆಟ್ಟಿದೆ. ಉಳುಮೆಯೇ ಬೇಡ ಅನ್ನುವ ಫುಕುವೋಕಾ ಅವರ ಪದ್ಧತಿಯೇ ಜಪಾನಿನ ಕೃಷಿ ಅಂತ ಕೆಲವರು ಹೇಳ್ತಾರೆ, ವಿಡಿಯೋ ನೋಡಿದರೆ ನಾಟಿಯಿಂದ ಕೊಯ್ಲಿನ ತನಕ ಎಲ್ಲಾ ಮಷಿನ್ನೇ. ಯಾವುದು ನಿಜ? ಅಲ್ಲಿ ಏನೇನು ಬಗೆ ಇದೆ?

ಬದುಗಾರ:
ಎರಡೂ ನಿಜ, ಆದರೆ ಮೊದಲನೆಯದನ್ನು ಮಾಡುವವರು ತೀರಾ ಕಡಿಮೆ. ನೆಲ ನೋಡಿದರೆ ಅರ್ಥವಾಗುತ್ತೆ. ದೇಶದ ಮುಕ್ಕಾಲು ಪಾಲು ಗುಡ್ಡಬೆಟ್ಟ, ಬೇಸಾಯಕ್ಕೆ ಸಿಗುವುದು ಶೇ 12ರ ಆಸುಪಾಸು. ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಭತ್ತದ ಗದ್ದೆ, ಅವರ ಮಾತಲ್ಲಿ 'ತಾಂಬೊ'. ಒಣ ಹೊಲ 'ಹತಾಕೆ'. ಸಸಿಗಳನ್ನು ಟ್ರೇನಲ್ಲಿ ಬೆಳೆಸಿ ಮೇ ಹೊತ್ತಿಗೆ ಯಂತ್ರದಿಂದ ನಾಟಿ ಮಾಡುತ್ತಾರೆ. ಬೇಸಿಗೆಯ ನಡುವೆ ಒಮ್ಮೆ ನೀರೆಲ್ಲಾ ಹೊರಬಿಟ್ಟು, ಮಣ್ಣು ಸಣ್ಣಗೆ ಬಿರುಕು ಬಿಡುವ ತನಕ ಗದ್ದೆ ಒಣಗಿಸುತ್ತಾರೆ. ಬೇರಿಗೆ ಗಾಳಿ ಸಿಗಬೇಕು, ಬೇಡದ ತೆಂಡೆ ಒಡೆಯಬಾರದು, ಅದಕ್ಕೆ. ಇಡೀ ಕೆಲಸದಲ್ಲಿ ನನಗೆ ತುಂಬಾ ಜಾಣತನ ಅನ್ನಿಸಿದ್ದು ಇದೇ.

ಗುಡ್ಡದ ಮೆಟ್ಟಿಲು ಗದ್ದೆಗೆ 'ತಾನಾದಾ' ಅನ್ನುತ್ತಾರೆ. ನೋಟೊ ಪರ್ಯಾಯ ದ್ವೀಪದ ಶಿರೊಯೊನೆಯಲ್ಲಿ ಸಮುದ್ರಕ್ಕೆ ಇಳಿಯುವ ಇಳಿಜಾರಿನಲ್ಲಿ ಸಾವಿರಕ್ಕೂ ಹೆಚ್ಚು ಪುಟ್ಟ ಪುಟ್ಟ ಗದ್ದೆ ಇವೆ. ಅಲ್ಲಿ ಯಂತ್ರ ತಿರುಗಲ್ಲ, ಕೈಯಲ್ಲೇ ನಾಟಿ. 2024ರ ಜನವರಿ 1ರ ಭೂಕಂಪದಲ್ಲಿ ತುಂಬಾ ಗದ್ದೆಗಳು ಬಿರುಕು ಬಿಟ್ಟವು.

ಹಿಮದೂರು:
ಉತ್ತರದ ದೊಡ್ಡ ದ್ವೀಪ ಹೊಕ್ಕೈಡೊ ಬಿಟ್ಟೇಬಿಟ್ರಲ್ಲ! ಅದು ಬೇರೆಯೇ ಲೋಕ. ಉಳಿದ ಕಡೆ ಒಬ್ಬ ರೈತನ ಜಮೀನು ಸರಾಸರಿ 2 ಹೆಕ್ಟೇರ್ ಚಿಲ್ಲರೆ ಇದ್ದರೆ ಇಲ್ಲಿ 30ಕ್ಕೂ ಹೆಚ್ಚು. ತೊಕಾಚಿ ಬಯಲಿನಲ್ಲಿ ಗೋಧಿ, ಆಲೂಗಡ್ಡೆ, ಸಕ್ಕರೆ ಬೀಟ್, ಕಾಳುಗಳನ್ನು ವರ್ಷ ವರ್ಷ ಬದಲಿಸಿ ಹಾಕುತ್ತಾರೆ. ದೇಶದ ಹಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲಿನದೇ.

ತರಕಾರಿಪ್ರಿಯ:
ತರಕಾರಿಯದ್ದು ಪೂರ್ತಿ ರೇಟಿನ ಲೆಕ್ಕಾಚಾರ. ದಕ್ಷಿಣದ ಬೆಚ್ಚಗಿನ ಪ್ರಾಂತ್ಯಗಳಾದ ಕೋಚಿ, ಮಿಯಾಝಾಕಿಯವರು ಪ್ಲಾಸ್ಟಿಕ್ ಮನೆಯೊಳಗೆ ಬದನೆ, ಸೌತೆ, ದೊಣ್ಣೆಮೆಣಸು ಬೆಳೆದು ಚಳಿಗಾಲದಲ್ಲಿ, ಅಂದರೆ ಬೇರೆ ಕಡೆ ಮಾಲೇ ಇಲ್ಲದಾಗ ಕಳಿಸುತ್ತಾರೆ. ನಗಾನೊದ ಎತ್ತರದ ಹಳ್ಳಿಗಳದ್ದು ಇದಕ್ಕೆ ಉಲ್ಟಾ. ಕೆಳಗಿನ ಬಯಲು ಸುಡುವಾಗ ಅವರ ತಂಪು ಹೊಲದಿಂದ ಲೆಟ್ಯೂಸ್ ಬರುತ್ತೆ. ಚಹಾದಲ್ಲೂ ಬಗೆ ಇದೆ. ಮಚ್ಚಾ ಅನ್ನುವ ಹಸಿರು ಚಹಾ ಪುಡಿಗೆ ಬಳಸುವ ಗಿಡಗಳಿಗೆ ಕೊಯ್ಲಿಗೆ ಕೆಲವು ವಾರ ಮೊದಲೇ ನೆರಳು ಹೊದಿಸುತ್ತಾರೆ, ಎಲೆಯ ಕಹಿ ಕಡಿಮೆಯಾಗಲಿ ಅಂತ.

ಬದುಗಾರ:
ಫುಕುವೋಕಾ ವಿಷಯ ಮರೆತಿದ್ದೆ. ಅವರು ಎಹಿಮೆ ಪ್ರಾಂತ್ಯದವರು. ಉಳದೆ, ಬೀಜವನ್ನು ಮಣ್ಣಿನ ಉಂಡೆ ಮಾಡಿ ಎರಚಿ, ಕೊಯ್ದ ಹುಲ್ಲನ್ನು ಗದ್ದೆಗೇ ಹರಡಿ ಬೆಳೆದರು. ಹೊರದೇಶಗಳಲ್ಲಿ ದೊಡ್ಡ ಹೆಸರು, ಆದರೆ ಅಕ್ಕಪಕ್ಕದ ರೈತರೆಲ್ಲಾ ಹಾಗೇ ಮಾಡ್ತಿದ್ರು ಅಂತ ಅಂದ್ಕೋಬೇಡಿ. ಔಷಧಿ ಇಲ್ಲದ ಇನ್ನೊಂದು ದಾರಿ ಬಾತುಕೋಳಿಯದ್ದು. ನಾಟಿಯಾದ ಮೇಲೆ ಮರಿಗಳನ್ನು ಗದ್ದೆಗೆ ಬಿಟ್ಟರೆ ಕಳೆ, ಹುಳ ತಿಂದು, ಹಿಕ್ಕೆ ಹಾಕಿ, ನೀರು ಕಲಕುತ್ತಾ ಓಡಾಡುತ್ತವೆ.

ಕುತೂಹಲಿ:
ಎಲ್ಲರಿಗೂ ಥ್ಯಾಂಕ್ಸ್! ಆದರೆ ಬಾತುಗಳು ಭತ್ತವನ್ನೇ ತಿಂದುಬಿಡಲ್ವಾ?

ಬದುಗಾರ:
ತಿನ್ನುತ್ತವೆ. ಅದಕ್ಕೇ ತೆನೆ ಬರುತ್ತಿದ್ದ ಹಾಗೆ ಹಿಡಿದು ಹೊರಗೆ ಹಾಕುತ್ತಾರೆ. ಹೆಚ್ಚಿನವು ಆಮೇಲೆ ಮಾಂಸಕ್ಕೆ.