ಬ್ರೈಲ್ ಇಸ್ಪೀಟೆಲೆ ತಪ್ಪು ಓದಿಸುತ್ತಿದೆ, ಯಾವ ಕಟ್ಟು ಕೊಳ್ಳಲಿ?

ಹೊಸನಗರದ ಭಾವ:
ಸಾಕಾಗಿ ಹೋಗಿದೆ. ಸೋದರಮಾವನಿಗೆ ಹುಟ್ಟಿನಿಂದ ಕಣ್ಣಿಲ್ಲ, ಆದರೆ ಬ್ರೈಲ್ ಪುಸ್ತಕವನ್ನು ಸರಸರನೆ ಓದುತ್ತಾರೆ. ಅವರಿಗೆಂದೇ ಬ್ರೈಲ್ ಎಲೆ ಹೊಂದಿಸಿ ಜಗುಲಿಯಲ್ಲಿ ಆಟಕ್ಕೆ ಕೂತರೆ ದಿನವೂ ಜಗಳ. ಎಂಟನ್ನು ಗುಲಾಮ ಎಂದು ಹೆಮ್ಮೆಯಿಂದ ಇಳಿಸುತ್ತಾರೆ. ನಿಜವಾದ ಗುಲಾಮ ಬಂದರೆ ಎಂಟೆಂದು ಎಸೆಯುತ್ತಾರೆ. ರಾಣಿಯನ್ನು ಮುಟ್ಟಿ "ಇದು ಯಾವ ಅಕ್ಷರವೂ ಅಲ್ಲ" ಎನ್ನುತ್ತಾರೆ. ಕಟ್ಟಿನಲ್ಲಿ ಐದು ಏಕೆ ಉಳಿಸಿದ್ದೀರಿ ಎಂದು ನಮಗೇ ಬೈಗುಳ. ಎಲೆ ತಿರುಗಿದೆಯಂತೆ, ಮೇಲೆ ಕೆಳಗೆ ಮಾಡಿ ಕೊಟ್ಟರೂ ಅದೇ ಕತೆ. ಒಳ್ಳೆಯ ಕಟ್ಟು ಯಾವುದೆಂದು ಯಾರಾದರೂ ಹೇಳಿ.

ಆಗುಂಬೆ ಮಳೆಗಾಲ:
ಕಾಗದದ ಎಲೆಯೇ ಇರಬೇಕು, ಕೇಳುವುದೇ ಬೇಡ. ಆಷಾಢದಲ್ಲಿ ನಮ್ಮ ಕಡೆ ಗೋಡೆಯೇ ಬೆವರುತ್ತದೆ, ಇನ್ನು ಇಸ್ಪೀಟು ಯಾವ ಲೆಕ್ಕ? ಬ್ರೈಲ್ ಚುಕ್ಕೆಯ ಎತ್ತರ ಸುಮಾರು ಅರ್ಧ ಮಿಲಿಮೀಟರ್. ತೇವ ಕುಡಿದ ಎಲೆಯನ್ನು ನಾಲ್ಕು ಸಲ ಕಲಸಿದರೆ ಚುಕ್ಕೆ ಕೂತುಬಿಡುತ್ತದೆ. ಪೂರ್ತಿ ಪ್ಲಾಸ್ಟಿಕ್ಕಿನದು ಕೊಳ್ಳಿ.

ಸಾಗರದ ಜಗುಲಿ:
ಅದಲ್ಲ ಮಾರಾಯರೇ. ಎಲೆಯ ಮೇಲಿರುವುದು ಇಂಗ್ಲಿಷ್ ಅಕ್ಷರ, ಮಾವ ಕಲಿತದ್ದು ಕನ್ನಡ ಬ್ರೈಲ್ ಇರಬೇಕು.

ಕಳಾವರ್ ರಾಣಿ, ತೀರ್ಥಹಳ್ಳಿ:
ನಾನೂ ಬೆರಳಿನಲ್ಲೇ ಆಡುವವಳು. ನಮ್ಮ ದೇಶದ ಭಾಷೆಗಳಿಗೆಂದೇ ಇರುವ ಭಾರತಿ ಬ್ರೈಲ್‌ನಲ್ಲಿ ಇಂಗ್ಲಿಷಿನ ಜೆ ಚುಕ್ಕೆಗಳೇ ನಮ್ಮ ಜ, ಕೆ ಚುಕ್ಕೆಗಳೇ ಕ. ಕನ್ನಡ ಬಲ್ಲವರಿಗೆ ಗುಲಾಮ, ರಾಜ ಗುರುತಿಸಲು ಕಷ್ಟವಿಲ್ಲ. ಭಾವನವರೇ, ಆಟ ಯಾವುದು? ಸರಿಯಾಗಿ ಓದುವ ಎಲೆಗಳು ಯಾವುವು? ಕಟ್ಟು ಎಲ್ಲಿಯದು?

ಆಗುಂಬೆ ಮಳೆಗಾಲ:
ತೇವವೇ ಎನ್ನುತ್ತಿದ್ದೇನೆ. ಎಲೆಗಳನ್ನು ರಾತ್ರಿ ಅಕ್ಕಿ ಡಬ್ಬಿಯಲ್ಲಿಟ್ಟು ನೋಡಿ. ಅಡಿಕೆ ಒಲೆಯ ಮೇಲಿನ ಅಟ್ಟವಾದರೆ ಇನ್ನೂ ಒಳ್ಳೆಯದು.

ಕಳಾವರ್ ರಾಣಿ, ತೀರ್ಥಹಳ್ಳಿ:
ತೇವ ಹುಡುಕಿ ಹುಡುಕಿ ಎಂಟನ್ನೇ ಗುಲಾಮ ಮಾಡುವುದಿಲ್ಲ. ಚುಕ್ಕೆ ಕೂತರೆ ಮೂರು ಇದ್ದದ್ದು ಎರಡಾಗಬೇಕು. ಎಂಟಿಗೂ ಮೂರು ಚುಕ್ಕೆ, ಗುಲಾಮನಿಗೂ ಮೂರೇ.

ಹೊಸನಗರದ ಭಾವ:
ಆಟ ಇಪ್ಪತ್ತೆಂಟು, ಏಳರಿಂದ ಮೇಲಿನ ಎಲೆಗಳಲ್ಲಷ್ಟೇ ಆಡುವಂಥದ್ದು. ಮಳೆಗಾಲದಲ್ಲಿ ಬೇರೇನು ಆಡುತ್ತಾರೆ? ಏಳು, ಹತ್ತು, ಎಕ್ಕ, ರಾಜ ಸರಿ ಓದುತ್ತಾರೆ. ಒಂಬತ್ತು ಮಾತ್ರ ಅವರಿಗೆ ಬರುವುದೇ ಇಲ್ಲವಂತೆ. ಕಟ್ಟು ಎಲ್ಲಿಯದಾದರೇನು? ಅಂಗಡಿಯ ಸಾದಾ ಕಾಗದದ ಕಟ್ಟು. ಅಕ್ಕನ ಮಗ ಎಲೆಗಳನ್ನು ಬೋರಲು ಹಾಕಿ, ಚಾರ್ಟು ನೋಡಿಕೊಂಡು ದಬ್ಬಳದಿಂದ ಒತ್ತಿದ್ದಾನೆ, ಎರಡು ಮೂಲೆಗೂ. ಒಂದು ಚುಕ್ಕೆಯೂ ತಪ್ಪಿಲ್ಲ, ನಾನೇ ಪಕ್ಕದಲ್ಲಿದ್ದೆ. ಹತ್ತಕ್ಕೆ ಎಕ್ಸ್. ಇಸ್ಪೀಟು, ಆಟೀನು ಗೊತ್ತಾಗಲೆಂದು ಅಂಚಿನಲ್ಲಿ ಕತ್ತರಿಯಿಂದ ಕಚ್ಚು ಹಾಕಿದ್ದಾನೆ.

ಸಾಗರದ ಜಗುಲಿ:
ಅಂಚಿನಲ್ಲಿ ಕಚ್ಚೇ? ಇಪ್ಪತ್ತೆಂಟರಲ್ಲಿ ತುರುಪನ್ನು ಮುಚ್ಚಿಡುವುದೇ ಆಟದ ಜೀವ. ಬೋರಲು ಹಾಕಿದರೂ ಕಚ್ಚು ನೋಡಿ ಯಾವ ತುರುಪೆಂದು ಕಣ್ಣಿರುವವರು ಹೇಳಿಬಿಡಬಹುದು. ಇದು ಮಾವನಿಗೆ ಮಾಡುತ್ತಿರುವ ಮೋಸ.

ಹೊಸನಗರದ ಭಾವ:
ನಮ್ಮ ಮನೆಯಲ್ಲಿ ಯಾರೂ ಹಾಗೆ ನೋಡುವುದಿಲ್ಲ.

ಸಾಗರದ ಜಗುಲಿ:
ಹಾಗಾದರೆ ನಿಮ್ಮ ಮನೆಯಲ್ಲಿ ಯಾರೂ ಗೆಲ್ಲುವುದೂ ಇಲ್ಲ.

ಕಳಾವರ್ ರಾಣಿ, ತೀರ್ಥಹಳ್ಳಿ:
ಕಚ್ಚಿನ ಪಂಚಾಯಿತಿ ಆಮೇಲೆ. ಬೋರಲು ಹಾಕಿ ಒತ್ತಿದ್ದು ಎಂದಿರಲ್ಲ, ಅಲ್ಲಿದೆ ವಿಷಯ. ಬ್ರೈಲ್ ಅಕ್ಷರವೊಂದರ ಮನೆಯಲ್ಲಿ ಆರು ಚುಕ್ಕೆಯ ಜಾಗ. ಎಡಸಾಲು ಮೇಲಿನಿಂದ 1, 2, 3. ಬಲಸಾಲು 4, 5, 6. ಬೆನ್ನಿನ ಕಡೆಯಿಂದ ಚಾರ್ಟಿನಂತೆಯೇ ಒತ್ತಿದರೆ ಮುಖದ ಕಡೆ ಎಡಬಲ ಅದಲುಬದಲಾಗಿ ಏಳುತ್ತದೆ. ಬ್ರೈಲ್ ಅಂಕಿಗಳಿಗೆ ಎ, ಬಿ, ಸಿ ಮೊದಲಾದ ಅಕ್ಷರಗಳ ಚುಕ್ಕೆಗಳೇ, ಮುಂದೊಂದು ಸಂಖ್ಯಾ ಚಿಹ್ನೆ ಸೇರುತ್ತದೆ ಅಷ್ಟೇ. ಎಲೆಗಳಲ್ಲಿ ಆ ಚಿಹ್ನೆ ಇರುವುದಿಲ್ಲ, ಹಾಗಾಗಿ 8 ಎಂದರೆ ಎಚ್ ಅಕ್ಷರವೇ: 1-2-5. ಅದಲುಬದಲಾದರೆ 2-4-5, ಅಂದರೆ ಜೆ, ಗುಲಾಮ. ಒಂಬತ್ತು 2-4, ಅದು 1-5 ಆಗುತ್ತದೆ. ಮಾವ ಬೈಯುತ್ತಿರುವ ಐದು ಅದೇ. ರಾಣಿಯ ಕ್ಯೂ ತಿರುಗಿದರೆ ಇಂಗ್ಲಿಷಿನ ಯಾವ ಅಕ್ಷರವೂ ಆಗುವುದಿಲ್ಲ. ಏಳು 1-2-4-5, ಎಕ್ಸ್ 1-3-4-6. ಎರಡೂ ಎಡಬಲ ಸಮವಾಗಿರುವುದರಿಂದ ಕೆಡಲಿಲ್ಲ. ಎಕ್ಕ ಒಂಟಿ ಚುಕ್ಕೆ, ರಾಜ ಮೇಲೊಂದು ಕೆಳಗೊಂದು. ಪಕ್ಕದಲ್ಲಿ ಇನ್ನೊಂದು ಸಾಲಿಲ್ಲದಿದ್ದರೆ ಎಡವೋ ಬಲವೋ ಬೆರಳಿಗೆ ತಿಳಿಯದು. ಎಲೆ ತಿರುಗಿದೆ ಎಂದು ಮಾವ ಮೊದಲ ದಿನವೇ ಹೇಳಿದ್ದಾರಲ್ಲ!

ಇಪ್ಪತ್ತೆಂಟರಲ್ಲಿ ಗುಲಾಮನಿಗೆ 3 ಅಂಕ, ಒಂಬತ್ತಕ್ಕೆ 2, ಎಂಟಕ್ಕೆ ಸೊನ್ನೆ. ನಿಮ್ಮ ಕಟ್ಟು ಕೆಡಿಸಿರುವುದು ಆ ದೊಡ್ಡ ಎಲೆಗಳನ್ನೇ. ಜಗಳವಾಗದೆ ಇನ್ನೇನು?

ಹೊಸನಗರದ ಭಾವ:
ಚಾರ್ಟಿನಲ್ಲಿ ಇರುವಂತೆಯೇ ಇದೆ ಎಂದು ಹುಡುಗ ವಾದಿಸುತ್ತಿದ್ದಾನೆ. ಇರಲಿ. ನಾನು ಕೇಳಿದ್ದು ಯಾವ ಕಟ್ಟು ಕೊಳ್ಳಲಿ ಎಂದು.

ಕಳಾವರ್ ರಾಣಿ, ತೀರ್ಥಹಳ್ಳಿ:
ಪ್ಲಾಸ್ಟಿಕ್ಕಿನದು, ಎದುರುಬದುರು ಎರಡು ಮೂಲೆಗಳಲ್ಲೂ ಚುಕ್ಕೆ ಇರುವಂಥದ್ದು. ದೊಡ್ಡ ಅಕ್ಷರದ ಕಟ್ಟನ್ನು ಕಂಡು ಮೋಸಹೋಗಬೇಡಿ, ಅದು ಮಂದದೃಷ್ಟಿಯವರಿಗೆ. ಹಲವದರಲ್ಲಿ ಚುಕ್ಕೆಯೇ ಇರುವುದಿಲ್ಲ. ಪಾರದರ್ಶಕ ಪಟ್ಟಿಯಲ್ಲಿ ಬ್ರೈಲ್ ಒತ್ತಿ ಅಂಟಿಸುವವರೂ ಇದ್ದಾರೆ, ಆದರೆ ಮೂಲೆ ದಪ್ಪವಾಗಿ ಕಟ್ಟು ವಾಲುತ್ತದೆ, ಕಲಸಲು ಬರುವುದಿಲ್ಲ.

ಅಲ್ಲಿಯವರೆಗೆ ಹೊಸ ಸಾದಾ ಕಟ್ಟೊಂದನ್ನು ತಂದು, ಬ್ರೈಲ್ ಸ್ಲೇಟು (ಚುಕ್ಕೆಯ ಮನೆಗಳಿರುವ ಪಟ್ಟಿ) ಮತ್ತು ಸ್ಟೈಲಸ್ಸನ್ನು (ಒತ್ತುವ ಮೊಳೆ) ಮಾವನ ಕೈಗೇ ಕೊಡಿ. ಸ್ಲೇಟಿನಲ್ಲಿ ಬಲದಿಂದ ಎಡಕ್ಕೆ ತಿರುವಿ ಬರೆಯುವುದು ಅವರಿಗೆ ಬಾಲ್ಯದಿಂದ ರೂಢಿ. ನೀವು ಎಲೆ ಕೊಟ್ಟು ಹೆಸರು ಹೇಳಿ, ಅವರೇ ಒತ್ತಲಿ. ಕಚ್ಚು ಬೇಡ, ಅಂಕಿಯ ಕೆಳಗೆ ಇಸ್ಪೀಟು, ಆಟೀನು, ಡೈಮನ್, ಕಳಾವರ್‌ಗೆ ಎಸ್, ಎಚ್, ಡಿ, ಸಿ ಸಾಕು. ಬೆನ್ನಿನಲ್ಲಿ ಕುಳಿ ಕಾಣುವುದು ತಪ್ಪದು, ಕಣ್ಣಿರುವವರು ನೋಡದೆ ಇರಬೇಕು. ಎಲೆ ಇಳಿಸುವಾಗ ಪ್ರತಿಯೊಬ್ಬರೂ ಅದರ ಹೆಸರನ್ನು ಗಟ್ಟಿಯಾಗಿ ಹೇಳಬೇಕು, ಅದನ್ನು ಮರೆತರೆ ಯಾವ ಕಟ್ಟೂ ಉಪಯೋಗಕ್ಕೆ ಬರುವುದಿಲ್ಲ.

ಆಗುಂಬೆ ಮಳೆಗಾಲ:
ಪ್ಲಾಸ್ಟಿಕ್ ಎಂದು ಮೊದಲು ಹೇಳಿದ್ದು ನಾನೇ ಎಂಬುದು ಎಲ್ಲರ ಗಮನಕ್ಕೆ. ನಮ್ಮ ಮನೆಯ ಆಟದ ಮೇಜು ಹಲಸಿನ ಹಲಗೆಯದು, ಮೇಲೆ ಹಸಿರು ಉಣ್ಣೆ ಬಟ್ಟೆ, ನಾಲ್ಕು ಮೂಲೆಗೂ ಚಹಾ ಲೋಟ ಕೂರುವ ಗುಳಿ. ಚಿತ್ರ ಹಾಕಲೇ?

ಸಾಗರದ ಜಗುಲಿ:
ಹಾಕಿ. ಗುಳಿಯ ಅಳತೆಯನ್ನೂ ಬರೆಯಿರಿ.