ಬಿಎ ಮನಶ್ಶಾಸ್ತ್ರ: ಪ್ರಾಕ್ಟಿಕಲ್ ಹೇಗಿರುತ್ತೆ, ಲೆಕ್ಕ ಎಷ್ಟು, ಆಮೇಲೇನು?

ಚಂದ್ರವಳ್ಳಿ22 ಕೇಳಿದ್ದು:

ಪಿಯುಸಿ ಆರ್ಟ್ಸ್ ಮುಗಿದಿದೆ, ಕನ್ನಡ ಮಾಧ್ಯಮ. ದಾವಣಗೆರೆ ವಿ.ವಿ. ವ್ಯಾಪ್ತಿಯಲ್ಲೇ, ದುರ್ಗದಲ್ಲಾದರೂ ಸರಿ ದಾವಣಗೆರೆಯಲ್ಲಾದರೂ ಸರಿ, ಮನಶ್ಶಾಸ್ತ್ರ ಇರೋ ಬಿಎ ಸೇರೋ ಯೋಚನೆ. ಪ್ರಾಕ್ಟಿಕಲ್‌ನಲ್ಲಿ ನಿಜವಾಗಿ ಏನು ಮಾಡಿಸ್ತಾರೆ? ಲೆಕ್ಕ ಬಾರದವರಿಗೆ ಕಷ್ಟಾನಾ? ಮೂರು ವರ್ಷ ಆದ್ಮೇಲೆ ಕೌನ್ಸೆಲಿಂಗ್ ಸೆಂಟರ್ ತೆಗೀಬಹುದಾ?

ಗಾಜಿನಮನೆ:

ಕೊನೇ ಪ್ರಶ್ನೆಗೆ ಮೊದಲು ಉತ್ತರ: ಬೇಡ. ಬಿಎ ಮುಗಿಸಿದವರು ಮನಶ್ಶಾಸ್ತ್ರದ ಪದವೀಧರರು, ಮನಶ್ಶಾಸ್ತ್ರಜ್ಞರಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ 'ಕ್ಲಿನಿಕಲ್ ಸೈಕಾಲಜಿಸ್ಟ್' ಅಂದರೆ ಯಾರು ಅಂತ ಬರೆದೇ ಇದೆ. ಸ್ನಾತಕೋತ್ತರ ಪದವಿ, ಅದರ ಮೇಲೆ ಆಸ್ಪತ್ರೆಯಲ್ಲಿ ಕಲಿಯುವ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್., ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತಿನ (ಎಲ್ಲರೂ ಆರ್‌ಸಿಐ ಅಂತಾರೆ) ಮಾನ್ಯತೆ. ಇಂಥ ತರಬೇತಿಗೆ ಹೆಸರಾದ ಮಾನಸಿಕ ಆರೋಗ್ಯ ಸಂಸ್ಥೆಗಳಾದ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಹೆಸರು ಕೇಳಿರ್ತೀರಿ. ಈ ಎಂ.ಫಿಲ್. ಜಾಗಕ್ಕೆ ಈಗ ಬೇರೆ ಹೆಸರಿನ ಕೋರ್ಸ್‌ಗಳು ಬರ್ತಿವೆ, ಹಾಗಾಗಿ ಸೇರೋ ವರ್ಷ ಆರ್‌ಸಿಐ ಪಟ್ಟಿಯನ್ನೇ ತೆಗೆದು ನೋಡಿ. 'ಕೌನ್ಸೆಲರ್' ಅನ್ನೋ ಪದಕ್ಕೆ ಅಷ್ಟು ಬಿಗಿ ಬೇಲಿ ಇಲ್ಲ. ಬೋರ್ಡುಗಳು ಅಷ್ಟೊಂದು ಕಾಣೋದು ಅದಕ್ಕೇ.

ಇನ್ನೊಂದು ಎಚ್ಚರ. 2025ರ ಜುಲೈ–ಆಗಸ್ಟ್ ಪ್ರವೇಶದಿಂದ ಮನಶ್ಶಾಸ್ತ್ರವನ್ನು ದೂರಶಿಕ್ಷಣ ಮತ್ತು ಆನ್‌ಲೈನ್‌ನಲ್ಲಿ ಕೊಡೋದನ್ನ ಯುಜಿಸಿ ನಿಲ್ಲಿಸಿದೆ. ಈಗಲೂ ಯಾರಾದರೂ 'ಮನೇಲೇ ಕೂತು ಡಿಗ್ರಿ' ಅಂತ ಫೀಸ್ ಕೇಳಿದರೆ ಕೊಡಬೇಡಿ.

ನಮ್ಮ ರಾಜ್ಯದಲ್ಲಿ 2024–25ರಿಂದ ಪದವಿ ಮತ್ತೆ ಮೂರು ವರ್ಷಕ್ಕೆ ಬಂದಿದೆ. ಕಾಲೇಜಿಗೆ ಹೋದಾಗ ಇಷ್ಟು ಕೇಳಿ: ಆರೂ ಸೆಮಿಸ್ಟರ್ ಮನಶ್ಶಾಸ್ತ್ರ ಇದೆಯಾ? ಲ್ಯಾಬ್ ತೋರಿಸ್ತೀರಾ? ಪೂರ್ಣಾವಧಿ ಅಧ್ಯಾಪಕರು ಎಷ್ಟು ಜನ? ಎಂಎ ಸೇರುವಾಗ ಪದವಿಯಲ್ಲಿ ಮೂರೂ ವರ್ಷ ಈ ವಿಷಯ ಓದಿದ್ದೀರಾ ಅಂತ ಹಲವು ಕಡೆ ನೋಡ್ತಾರೆ. ಲ್ಯಾಬ್ ಬೀಗದ ಕೈ ಹುಡುಕೋಕೇ ಅರ್ಧ ಗಂಟೆ ಹಿಡಿದರೆ ಅಲ್ಲಿ ಪ್ರಯೋಗ ಹೇಗೆ ನಡೆಯುತ್ತೆ ಅಂತ ಗೊತ್ತಾಯ್ತಲ್ಲ.

ಜೋಗಿಮಟ್ಟಿ ಗಾಳಿ:

ಪ್ರಾಕ್ಟಿಕಲ್ ಬಗ್ಗೆ ನಾನು ಬರೀತೀನಿ. ಒಬ್ಬರು ಪ್ರಯೋಗ ಮಾಡಿಸೋರು, ಸಹಪಾಠಿಯೊಬ್ಬರು ಪ್ರಯೋಗಕ್ಕೆ ಕೂರೋರು. ಮ್ಯೂಲರ್-ಲೈಯರ್ ಭ್ರಮೆಯನ್ನೇ ತಗೊಳ್ಳಿ. ಒಂದು ಗೆರೆಯ ತುದಿಗಳಲ್ಲಿ ರೆಕ್ಕೆಗಳು ಒಳಮುಖ (<—> ಥರ), ಇನ್ನೊಂದರದು ಹೊರಮುಖ (>—< ಥರ). ಹೊರಮುಖದ್ದು ಉದ್ದ ಕಾಣುತ್ತೆ. ಒಳಮುಖದ್ದು 10 ಸೆಂ.ಮೀ.ಗೆ ನಿಂತಿರುತ್ತೆ, ಹೊರಮುಖದ್ದನ್ನ ಜಾರಿಸಿ ಅದಕ್ಕೆ ಸಮ ಮಾಡಬೇಕು. 20 ಸಲದ ಸರಾಸರಿ 8.3 ಸೆಂ.ಮೀ. ಬಂತು ಅನ್ನಿ, ಭ್ರಮೆ 1.7 ಸೆಂ.ಮೀ.

ಎಡವೋದು ಆ 20ರಲ್ಲೇ. ಜಾರೋ ಗೆರೆ 10 ಸಲ ಎಡಕ್ಕಿರಬೇಕು, 10 ಸಲ ಬಲಕ್ಕೆ. ಪ್ರತಿ ಹತ್ತರಲ್ಲೂ 5 ಸಲ ತೀರಾ ಚಿಕ್ಕದರಿಂದ ದೊಡ್ಡದು ಮಾಡ್ತಾ ಬರಬೇಕು, 5 ಸಲ ದೊಡ್ಡದರಿಂದ ಚಿಕ್ಕದು. ಬೇಗ ಮುಗೀಲಿ ಅಂತ ಇಪ್ಪತ್ತೂ ಒಂದೇ ದಿಕ್ಕಲ್ಲಿ ಮಾಡಿದರೆ ಕೈಚಲನೆಯ ದೋಷವೂ ಭ್ರಮೆಯ ಲೆಕ್ಕಕ್ಕೇ ಸೇರಿಹೋಗುತ್ತೆ, ಬೇರ್ಪಡಿಸೋಕೆ ದಾರಿ ಇಲ್ಲ. ಮಧ್ಯೆ "ಹತ್ರ ಬಂತು" ಅಂತ ಬಾಯಿಬಿಟ್ಟರೂ ಪ್ರಯೋಗ ಕೆಟ್ಟಿತು.

ಕನ್ನಡಿ ಬಿಂಬ ನೋಡಿ ನಕ್ಷತ್ರ ಬರೆಯೋದರಲ್ಲೂ ಇದೇ ಜಾತಿಯ ತಪ್ಪು. ಎಡಗೈ 5 ಸಲ, ಬಲಗೈ 10 ಸಲ, ಮತ್ತೆ ಎಡಗೈ 5 ಸಲ. ಎಡಗೈ ವೇಗ ಹೆಚ್ಚಿತು, ಹಾಗಾಗಿ ಬಲಗೈ ಕಲಿತದ್ದು ಎಡಗೈಗೆ ದಾಟಿತು ಅಂತ ಬರೆದುಬಿಡ್ತಾರೆ. ಮೊದಲಿನ 5 ಸಲದಲ್ಲಿ ಎಡಗೈಯೇ ಕಲಿತಿರಬಹುದಲ್ಲ? ನಡುವೆ ಬಲಗೈ ಅಭ್ಯಾಸ ಮಾಡದೆ ಸುಮ್ಮನೆ ಕೂತ ಇನ್ನೊಂದು ಗುಂಪು ಇದ್ದರೆ ಮಾತ್ರ ಹಾಗೆ ಹೇಳಬಹುದು. ವೈವಾದಲ್ಲಿ (ಮೌಖಿಕ ಪರೀಕ್ಷೆ) ಇದನ್ನ ಕೇಳೇ ಕೇಳ್ತಾರೆ.

ಚಂದ್ರವಳ್ಳಿ22:

ಸಾಮಗ್ರಿ ಇಂಗ್ಲಿಷಲ್ಲೇ ಇರುತ್ತಾ? ಕನ್ನಡದಲ್ಲಿ ಮಾಡೋಕಾಗುತ್ತಾ?

ಜೋಗಿಮಟ್ಟಿ ಗಾಳಿ:

ಒಳ್ಳೇ ಪ್ರಶ್ನೆ. ಸ್ಟ್ರೂಪ್ ಪ್ರಯೋಗ (1935) ಇದೆ: 'ಕೆಂಪು' ಅನ್ನೋ ಪದವನ್ನ ಹಸಿರು ಮಸೀಲಿ ಬರೆದು ಮಸಿಯ ಬಣ್ಣ ಹೇಳಿಸೋದು. ಓದು ತಾನಾಗೇ ನುಗ್ಗಿ ಅಡ್ಡ ಬರಬೇಕು, ಆಗಲೇ ಮಾತು ತಡವರಿಸೋದು. ಇಂಗ್ಲಿಷನ್ನ ತಡೆದು ತಡೆದು ಓದೋರಿಗೆ ಇಂಗ್ಲಿಷ್ ಕಾರ್ಡ್ ಕೊಟ್ಟರೆ ಅಡ್ಡಿಯೇ ಕಮ್ಮಿ ಬರುತ್ತೆ. ಕನ್ನಡದಲ್ಲೇ ಕಾರ್ಡ್ ಮಾಡಿ.

ಅಂಕಿಗಳ ಸ್ಮೃತಿವಿಸ್ತಾರದಲ್ಲಿ (ಒಮ್ಮೆ ಕೇಳಿ ಎಷ್ಟು ಅಂಕಿ ಅದೇ ಕ್ರಮದಲ್ಲಿ ಹೇಳಬಲ್ಲರು ಅಂತ ನೋಡೋದು) ಸೆಕೆಂಡಿಗೆ ಒಂದರಂತೆ ಓದಬೇಕು. ಉಚ್ಚರಿಸೋಕೆ ಉದ್ದ ಇರೋ ಪದಗಳು ಕಮ್ಮಿ ನೆನಪಿರ್ತವೆ, 1975ರಲ್ಲಿ ಬ್ಯಾಡ್ಲಿ ಮತ್ತು ಸಂಗಡಿಗರು ತೋರಿಸಿದ್ದು. ನಮ್ಮ 'ಒಂದು, ಎರಡು, ಮೂರು' ಥರದವು ಬಹುತೇಕ ಇಂಗ್ಲಿಷಿನವಕ್ಕಿಂತ ಉದ್ದ. ಕೆಲವರಿಗೆ ಕನ್ನಡ, ಕೆಲವರಿಗೆ ಇಂಗ್ಲಿಷ್ ಅಂಕಿ ಓದಿ ಒಂದೇ ಕೋಷ್ಟಕಕ್ಕೆ ತುಂಬಿದರೆ ಹೋಲಿಕೆಗೆ ಅರ್ಥವೇ ಇರಲ್ಲ.

ನೆನಪಿನ ಪ್ರಯೋಗಕ್ಕೆ ಎಬ್ಬಿಂಗ್‌ಹೌಸ್ ಬಳಸಿ 1885ರ ಪುಸ್ತಕದಲ್ಲಿ ವಿವರಿಸಿದ ಅರ್ಥವಿಲ್ಲದ ಪದಗಳು ಕನ್ನಡದಲ್ಲಿ ಫಜೀತಿ. ಸುಮ್ಮನೆ ಎರಡಕ್ಷರ ಜೋಡಿಸಿ ನೋಡಿ: ಸರ, ದನ, ಲಯ, ಗಜ. ಎಲ್ಲಕ್ಕೂ ಅರ್ಥ ಅಂಟಿಕೊಂಡು ಬರುತ್ತೆ! 'ಗೀಪ' ಥರದವು ಬೇಕು. ಪಟ್ಟಿ ಮಾಡಿ ಪ್ರಯೋಗದಲ್ಲಿ ಇಲ್ಲದ ಹತ್ತು ಜನಕ್ಕೆ ತೋರಿಸಿ, ಯಾರಿಗಾದರೂ ಏನಾದರೂ ನೆನಪಾದರೆ ಆ ಪದ ಹೊಡೆದುಹಾಕಿ.

ಕುಂದವಾಡ ಕೆರೆ ದಂಡೆ:

ಲೆಕ್ಕಕ್ಕೆ ಎಸ್ಎಸ್‌ಎಲ್‌ಸಿ ಗಣಿತ ಸಾಕು ರೀ. ಸರಾಸರಿ, ಮಧ್ಯಾಂಕ, ಮಾನಕ ವಿಚಲನೆ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ), ಸಹಸಂಬಂಧ (ಎರಡು ಅಳತೆ ಒಟ್ಟಿಗೆ ಎಷ್ಟು ಏರಿಳೀತವೆ), ಟಿ-ಪರೀಕ್ಷೆ (ಎರಡು ಸರಾಸರಿಗಳ ಹೋಲಿಕೆ), ಹೆಚ್ಚುಕಮ್ಮಿ ಇಷ್ಟೇ. ಮಾನಕ ವಿಚಲನೆಗೆ 4, 6, 8, 10, 12 ತಗೊಳ್ಳಿ. ಸರಾಸರಿ 8, ವಿಚಲನೆಗಳ ವರ್ಗ ಕೂಡಿದರೆ 40. ಅದನ್ನ 5ರಿಂದ ಭಾಗಿಸಿದರೆ ವರ್ಗಮೂಲ 2.83, 4ರಿಂದ ಭಾಗಿಸಿದರೆ 3.16. ಆ ಐದೇ ಜನದ ಬಗ್ಗೆ ಮಾತಾಡ್ತಿದ್ದರೆ 5. ಅವರ ಮೂಲಕ ದೊಡ್ಡ ಸಮೂಹವನ್ನ ಅಂದಾಜಿಸ್ತಿದ್ದರೆ 4. ಸೂತ್ರ ಎಲ್ಲರಿಗೂ ಬಾಯಿಪಾಠ, ಯಾವಾಗ ಯಾವುದು ಅಂತ ಕೇಳಿದರೆ ತರಗತಿ ಗಪ್‌ಚುಪ್.

ಥಿಯರಿಯಲ್ಲಿ ಅಂಕ ಹೋಗೋ ಜಾಗ ಋಣಾತ್ಮಕ ಪುನರ್ಬಲನ. ಶಿಕ್ಷೆ ಅಂತ ಬರೆದು ಬರ್ತಾರೆ. ದುರ್ಗದ ಏಪ್ರಿಲ್ ಬಿಸಿಲಲ್ಲಿ ಛತ್ರಿ ಬಿಡಿಸಿದ ಕೂಡಲೇ ಉರಿ ತಪ್ಪುತ್ತೆ, ನಾಳೆನೂ ಛತ್ರಿ ಹಿಡೀತೀರಿ. ಹಿಂಸೆ ತೊಲಗಿದ್ದರಿಂದ ವರ್ತನೆ ಹೆಚ್ಚಿತು, ಅದು ಪುನರ್ಬಲನ. ಶಿಕ್ಷೆಯಲ್ಲಿ ವರ್ತನೆ ಕಮ್ಮಿಯಾಗಬೇಕು.

ಪ್ರಾಜೆಕ್ಟ್ ಇದ್ದರೆ ಒಂದು ಮಾತು. ನೆಟ್‌ನಲ್ಲಿ ಸಿಕ್ಕ ಇಂಗ್ಲಿಷ್ ಪ್ರಶ್ನಾವಳಿಯನ್ನ ರಾತ್ರೋರಾತ್ರಿ ಕನ್ನಡ ಮಾಡಿ ಹಾಸ್ಟೆಲಿನ 30 ಗೆಳೆಯರಿಗೆ ಹಂಚಿ 'ದಾವಣಗೆರೆ ಯುವಜನರಲ್ಲಿ ಖಿನ್ನತೆ' ಅಂತ ಶೀರ್ಷಿಕೆ ಕೊಡಬೇಡಿ. ನೀವು ಅಳೆದದ್ದು ಒಂದು ಹಾಸ್ಟೆಲನ್ನ. ಅನುವಾದಕ್ಕೂ ಕ್ರಮ ಇದೆ: ಒಬ್ಬರು ಕನ್ನಡಕ್ಕೆ ತರಬೇಕು, ಮೂಲ ನೋಡದ ಇನ್ನೊಬ್ಬರು ಅದನ್ನ ವಾಪಸ್ ಇಂಗ್ಲಿಷಿಗೆ ಒಯ್ಯಬೇಕು, ಎರಡು ಇಂಗ್ಲಿಷನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. 'ಬೇಜಾರು' ಅಂತ ಹಾಕಿದರೆ ದುಃಖ ಇರೋರೂ ಟಿಕ್ ಮಾಡ್ತಾರೆ, ಹೊತ್ತು ಹೋಗದೆ ಕೂತಿರೋರೂ ಮಾಡ್ತಾರೆ, ಯಾರ ಮೇಲೋ ಮುನಿಸಿಕೊಂಡಿರೋರೂ ಮಾಡ್ತಾರೆ. 'ಖಿನ್ನತೆ' ಅಂತ ಹಾಕಿದರೆ ಹಳ್ಳಿಯಿಂದ ಬಂದೋರು ಪಕ್ಕದವರನ್ನ ಕೇಳ್ತಾರೆ. ಅದಕ್ಕೇ ಒಂದೇ ಪದಕ್ಕೆ ಜೋತುಬೀಳದೆ ಲಕ್ಷಣ ಕೇಳಿ: 'ಕಳೆದ ಎರಡು ವಾರದಲ್ಲಿ ಎಷ್ಟು ದಿನ ನಿದ್ದೆ ಸರಿಯಾಗಿ ಬರಲಿಲ್ಲ?'

ಯಾರಾದರೂ ಉತ್ತರದಲ್ಲಿ ಬದುಕೇ ಬೇಡ ಅನ್ನೋ ಥರ ಬರೆದಿದ್ದರೆ ಅದನ್ನ ಬರೀ ಡೇಟಾ ಅಂತ ಎಕ್ಸೆಲ್‌ಗೆ ಹಾಕಿ ಸುಮ್ಮನಾಗೋ ಹಾಗಿಲ್ಲ. ಅವತ್ತೇ ಗೈಡ್‌ಗೆ ತಿಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಉಚಿತ, ಕನ್ನಡದಲ್ಲೂ ಮಾತಾಡ್ತಾರೆ. ಪ್ರಶ್ನಾವಳಿಯ ಕೊನೇ ಪುಟದಲ್ಲಿ ಆ ಸಂಖ್ಯೆಯನ್ನ ಮೊದಲೇ ಅಚ್ಚು ಹಾಕಿಸಿರಿ.